ರಿಪೋರ್ಟಿನ ಅಂಕಿ ನೋಡಿ ಕಂಗಾಲಾಗಬೇಡಿ

"ಅತ್ತೆಯ ಬ್ಲಡ್ ರಿಪೋರ್ಟ್ ಬಂತು ಕಣೇ. ಸಿಎ-125 ಜಾಸ್ತಿ ಇದೆಯಂತೆ. ಎದೆಯಲ್ಲಿ ನೀರು ಬೇರೆ ತುಂಬಿದೆ. ಕ್ಯಾನ್ಸರೇ ಇರಬೇಕು ಅಲ್ವಾ?" ಗೆಳತಿ ಫೋನಿನಲ್ಲಿ ಹೀಗೆ ಅಳುತ್ತಾ ಕೇಳಿದರೆ ನೀವು ಏನು ಹೇಳ್ತೀರಿ?

ಶ್ವಾಸಕೋಶದ ಸುತ್ತ ಎರಡು ತೆಳುವಾದ ಪೊರೆಗಳಿವೆ. ಅವುಗಳ ನಡುವೆ ಕೆಲವೇ ಚಮಚದಷ್ಟು ದ್ರವ ಎಲ್ಲರಲ್ಲೂ ಇರುತ್ತದೆ. ಅದು ಹೆಚ್ಚಾದರೆ ಮೆಟ್ಟಿಲು ಹತ್ತುವಾಗ ಏದುಸಿರು, ಒಣಕೆಮ್ಮು, ಪಕ್ಕೆನೋವು ಕಾಣಿಸಿಕೊಳ್ಳಬಹುದು. ಹೃದಯದ ತೊಂದರೆ, ನ್ಯುಮೋನಿಯಾ, ಕ್ಷಯ, ಕ್ಯಾನ್ಸರ್ ಹೀಗೆ ಕಾರಣ ಹಲವು.

ವೈದ್ಯರು ಸೂಜಿಯಿಂದ ಆ ನೀರು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಮೊದಲು ನೋಡುವುದು ಪ್ರೊಟೀನ್ ಮತ್ತು ಎಲ್‌ಡಿಎಚ್. ಅಮೆರಿಕದ ಡಾ. ರಿಚರ್ಡ್ ಲೈಟ್ ಮತ್ತು ಸಂಗಡಿಗರು 1972ರಲ್ಲಿ ಕೊಟ್ಟ ಅಳತೆ ಇಂದಿಗೂ ಬಳಕೆಯಲ್ಲಿದೆ. ನೀರಿನ ಪ್ರೊಟೀನ್ ರಕ್ತದ ಪ್ರೊಟೀನಿನ ಅರ್ಧಕ್ಕಿಂತ ಹೆಚ್ಚಿದ್ದರೆ ಸೋಂಕು, ಕ್ಯಾನ್ಸರ್‌ನಂಥ ಕಾರಣಗಳನ್ನು ಹುಡುಕುತ್ತಾರೆ. ಎಡಿಎ 40 ಯೂನಿಟ್ ದಾಟಿದರೆ ನಮ್ಮ ದೇಶದಲ್ಲಿ ಮೊದಲು ಬರುವ ಅನುಮಾನ ಕ್ಷಯದ್ದು.

ಇನ್ನು 'ಟ್ಯೂಮರ್ ಮಾರ್ಕರ್'ಗಳು. ನೀರಿನಲ್ಲಿ ಸಿಇಎ ತುಂಬಾ ಏರಿದ್ದರೆ ಕ್ಯಾನ್ಸರಿನ ಶಂಕೆ ಬಲವಾಗುತ್ತದೆ, ನಿಜ. ಆದರೆ ಕ್ಯಾನ್ಸರ್ ಇದ್ದರೂ ಅದು ನಾರ್ಮಲ್ ಬರಬಹುದು. ಸಿಎ-125 ಅಂತೂ ಕ್ಷಯದಿಂದ ನೀರು ತುಂಬಿದಾಗಲೂ, ಹೃದಯ ದುರ್ಬಲವಾದಾಗಲೂ ರಕ್ತದಲ್ಲಿ ಏರುತ್ತದೆ. ಆದ್ದರಿಂದ ಈ ಒಂದು ಅಂಕಿ ನೋಡಿ ಅಳುವುದೂ ತಪ್ಪು, ನಾರ್ಮಲ್ ಬಂತೆಂದು ಮುಂದಿನ ಪರೀಕ್ಷೆ ಬಿಡುವುದೂ ತಪ್ಪು.

ಹಾಗಾದರೆ ಖಚಿತವಾಗುವುದು ಹೇಗೆ? ಕ್ಯಾನ್ಸರ್ ಕಣ ಕಣ್ಣಿಗೆ ಕಾಣಬೇಕು. ನೀರಿನಲ್ಲಿ ಅದನ್ನು ಹುಡುಕುವ ಪರೀಕ್ಷೆಯೇ ಸೈಟಾಲಜಿ. ಮೊದಲ ಸಲ ಸಿಗದೇ ಹೋಗುವುದು ಅಪರೂಪವಲ್ಲ. ಆಗ ಮತ್ತೊಮ್ಮೆ ನೀರು ತೆಗೆಯಬೇಕಾಗಬಹುದು, ಇಲ್ಲವೇ ಪೊರೆಯ ಚೂರು ತೆಗೆದು ಬಯಾಪ್ಸಿ ಮಾಡಬೇಕಾಗಬಹುದು. "ಮತ್ತೆ ಸೂಜಿನಾ?" ಅಂತ ಬೇಸರಪಡಬೇಡಿ. ಯಾವ ಕ್ಯಾನ್ಸರ್, ಯಾವ ಔಷಧಿ ಎಂಬುದೂ ಆ ಕಣಗಳಿಂದಲೇ ತಿಳಿಯಬೇಕು.

ನೀವು ಮಾಡಬೇಕಾದ್ದು ಇಷ್ಟು:

* ಸೈಟಾಲಜಿಗೆ ಕಳಿಸಿದ್ದಾರಾ ಎಂದು ಕೇಳಿ.

* ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸೂಜಿ ಹಾಕುವ ಮೊದಲೇ ವೈದ್ಯರಿಗೆ ತಿಳಿಸಿ.

* ಮನೆಯಲ್ಲಿ ಯಾರಿಗಾದರೂ ಕ್ಷಯ ಆಗಿತ್ತಾ, ಹೇಳಿ.

* ಹಿಂದೆ ಸ್ತನದ ಗಡ್ಡೆಗೆ ಆಪರೇಷನ್ ಆಗಿದ್ದರೆ "ಅದು ಹಳೇ ಕತೆ" ಎಂದು ಮುಚ್ಚಿಡಬೇಡಿ. ಎಷ್ಟೋ ವರ್ಷಗಳ ನಂತರವೂ ಸ್ತನ ಕ್ಯಾನ್ಸರ್ ಈ ಪೊರೆಗೆ ಹರಡಬಹುದು.

ಗೆಳತಿಗೆ ಇಷ್ಟು ಹೇಳಿ: "ಸೈಟಾಲಜಿ ರಿಪೋರ್ಟ್ ಬರಲಿ ಕಣೇ, ಅಲ್ಲೀವರೆಗೆ ಅತ್ತೆ ಮುಂದೆ ಅಳಬೇಡ."