ಕೈಗಾ: ಭಯಕ್ಕೂ ಲೆಕ್ಕವಿದೆ

ಅಣುವಿದ್ಯುತ್ತನ್ನು ವಿರೋಧಿಸುವವರಿಗೆ ವಿಜ್ಞಾನ ಗೊತ್ತಿಲ್ಲ ಎಂಬ ಮಾತು ನಮ್ಮಲ್ಲಿ ಬಲು ಸಲೀಸು. ಹಾಗೆನ್ನುವವರು ಶಿವರಾಮ ಕಾರಂತರನ್ನು ಯಾವ ಸಾಲಿಗೆ ಸೇರಿಸುತ್ತಾರೋ! ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಕನ್ನಡಿಗರ ಕೈಗಿತ್ತವರೇ ಕೈಗಾ ಸ್ಥಾವರ ಬೇಡವೆಂದರು, 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಉತ್ತರ ಕನ್ನಡದಿಂದ ಲೋಕಸಭೆಗೂ ಸ್ಪರ್ಧಿಸಿದರು. ಗೆಲ್ಲಲಿಲ್ಲ. ಕಾಳಿ ನದಿಯ ದಡದಲ್ಲಿ ಸ್ಥಾವರದ ಕೆಲಸವೂ ನಿಲ್ಲಲಿಲ್ಲ.

1994ರ ಮೇ 13ರಂದು, ಇನ್ನೂ ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟ್ ಕಳಚಿ ಬಿತ್ತು. ಬಾಗಿದ ಗುಮ್ಮಟದೊಳಗೆ ಬಿಗಿದಿದ್ದ ಉಕ್ಕಿನ ಕೇಬಲ್‌ಗಳ ಎಳೆತಕ್ಕೆ ಪದರ ಬಿಟ್ಟುಕೊಂಡಿತ್ತು. ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಮಾತೇ ಇಲ್ಲ. ತಪ್ಪಿದ್ದು ಸಿವಿಲ್ ಎಂಜಿನಿಯರಿಂಗ್, ಅಣುವಿನ ಭೌತಶಾಸ್ತ್ರವಲ್ಲ ಎಂದು ವಾದಿಸಬಹುದು. ವಾದ ಸರಿಯೇ. ಆದರೆ ಅನಾಹುತವಾದರೆ ವಿಕಿರಣವನ್ನು ಒಳಗೇ ಹಿಡಿದಿಡಬೇಕಾದ ಹೊದಿಕೆ ಅದು. ಭೌತಶಾಸ್ತ್ರ ಎಷ್ಟೇ ಗಟ್ಟಿಯಾಗಿದ್ದರೂ ಊರವರ ಪಾಲಿಗೆ ಸಿಗುವುದು ಮನುಷ್ಯರು ಕಟ್ಟಿದ ಗುಮ್ಮಟ ತಾನೆ? ವಿನ್ಯಾಸ ಬದಲಿಸಿ, ಇನ್ನೂ ಬಲವಾದ ಕಾಂಕ್ರೀಟ್ ಬಳಸಿ ಮತ್ತೆ ಕಟ್ಟಿದರು. ವಾಣಿಜ್ಯ ಉತ್ಪಾದನೆ ಶುರುವಾದದ್ದು 2000ದಲ್ಲಿ.

ಕಾಕತಾಳೀಯವೆನ್ನಿ, 2016ರ ಅದೇ ಮೇ 13ರಿಂದ ಅದೇ ಘಟಕ ಎಡೆಬಿಡದೆ ಓಡತೊಡಗಿತು. 962 ದಿನ! ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ದಾಖಲೆ ಮುರಿಯಿತು. ಇಲ್ಲಿನಂಥ ಭಾರಜಲ ರಿಯಾಕ್ಟರಿಗೆ ಇಂಧನ ಬದಲಿಸಲು ನಿಲ್ಲಿಸಬೇಕಾಗಿಲ್ಲ, ಓಡುತ್ತಿರುವಾಗಲೇ ಯಂತ್ರಗಳು ಹಳೆಯ ಕಟ್ಟು ತೆಗೆದು ಹೊಸದನ್ನು ತೂರಿಸುತ್ತವೆ. ಆದರೂ ಎರಡೂವರೆ ವರ್ಷ ಒಂದೂ ಅಡಚಣೆಯಿಲ್ಲದೆ ನಡೆಸುವುದೆಂದರೆ ಹುಡುಗಾಟವಲ್ಲ. ಅಲ್ಲಿನ ತಂತ್ರಜ್ಞರ ಕಸುಬುದಾರಿಕೆಯನ್ನು ಮೆಚ್ಚಲೇಬೇಕು.

ಕಸುಬುದಾರಿಕೆ ಮುಟ್ಟದ ಜಾಗವೂ ಒಂದಿದೆ. 2009ರ ನವೆಂಬರಿನಲ್ಲಿ ಸ್ಥಾವರದ ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಟ್ರಿಟಿಯಂ, ಅಂದರೆ ವಿಕಿರಣ ಸೂಸುವ ಹೈಡ್ರೋಜನ್, ಹೆಚ್ಚಾಗಿ ಕಂಡಿತು. ಯಂತ್ರ ಕೆಟ್ಟಿರಲಿಲ್ಲ, ಯಾರೋ ಬೇಕೆಂದೇ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತ ಭಾರಜಲ ಸುರಿದಿದ್ದರು. ಮಾಮೂಲಿ ತಪಾಸಣೆಯಲ್ಲೇ ಸಿಕ್ಕಿತೆಂಬುದು ವ್ಯವಸ್ಥೆಯ ಹೆಚ್ಚುಗಾರಿಕೆ. ಟ್ರಿಟಿಯಂ ಮೈಯಿಂದ ಬೇಗ ಹೊರಹೋಗುತ್ತದೆಂಬುದೂ ನಿಜ. ಆದರೆ ಒಳಗಿನವರೇ ಹೀಗೆ ಮಾಡಿದರೆ ತಡೆಯುವವರು ಯಾರು ಎಂಬ ಪ್ರಶ್ನೆಗೆ ನ್ಯೂಟ್ರಾನ್ ಪಾಠದಲ್ಲಿ ಉತ್ತರವಿಲ್ಲ.

2018ರ ಡಿಸೆಂಬರಿನಲ್ಲಿ ದಾಖಲೆಯ ಸಂಭ್ರಮ ನಡೆದಿದ್ದಾಗಲೇ, ಐದು ಮತ್ತು ಆರನೇ ಘಟಕಗಳ ಅಹವಾಲು ಸಭೆಯಲ್ಲಿ ಜನ ವಿರೋಧಿಸಿದರು. ಈಗಿನ ನಾಲ್ಕೂ ಘಟಕ ಸೇರಿ 880 ಮೆಗಾವಾಟ್. ಹೊಸ ಎರಡೇ ಸೇರಿ 1400. ಅಣುಶಕ್ತಿ ನಮಗೆ ಬೇಕೆಂದೇ ನನ್ನ ಎಣಿಕೆ, ಕಲ್ಲಿದ್ದಲ ಹೊಗೆ ನೋಡಿದ ಮೇಲಂತೂ. ಆದರೆ ನೀರು, ಮೀನು, ಹಾಲಿನಲ್ಲಿ ಅಳೆದ ವಿಕಿರಣದ ಅಂಕಿಗಳನ್ನು ಪ್ರತಿ ವರ್ಷ ಸ್ಥಾವರದ ಹತ್ತಿರದ ಮಲ್ಲಾಪುರದ ಜನರೆದುರು ಕನ್ನಡ, ಕೊಂಕಣಿಯಲ್ಲಿ ಓದಿ ಹೇಳಬೇಕು, ಬೇಕೆನಿಸಿದರೆ ಅವರೇ ಬೇರೆ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ಅಳೆಸುವ ಹಕ್ಕೂ ಇರಬೇಕು.