ಬೀಸಣಿಗೆಗೆ ಗುರಿಯಿಟ್ಟವನು

ಕಾರ್ಟೂನ್ ಅಂದರೆ ಮಕ್ಕಳದ್ದು ಎಂದುಕೊಂಡಿರುವ ಅಜ್ಜ-ಅಜ್ಜಿಯರಿಗೆ ಮೊದಲೇ ಹೇಳಿಬಿಡುತ್ತೇನೆ: ಜಪಾನಿನ ‘ಡ್ರಿಫ್ಟರ್ಸ್’ ಚಿಕ್ಕ ಮಕ್ಕಳಿಗೆ ತೋರಿಸುವಂಥದ್ದಲ್ಲ. ವಿಪರೀತ ರಕ್ತಪಾತ. ಕೋಟಾ ಹಿರಾನೊ ಬರೆದ ಈ ಚಿತ್ರಕಥೆ 2016ರಲ್ಲಿ ಟಿ.ವಿ. ಧಾರಾವಾಹಿಯಾಯಿತು. ಆದರೆ ಅದರಲ್ಲಿ ಬರುವ ಮೂವರು ವೀರರು ಜಪಾನಿನ ಇತಿಹಾಸದಿಂದ, ಹಳೆಯ ಗಾಥೆಯಿಂದ ಬಂದವರು. ಅವರ ಕಥೆಯನ್ನು ಮೊಮ್ಮಕ್ಕಳಿಗೆ ಧಾರಾಳವಾಗಿ ಹೇಳಬಹುದು.

ಯುದ್ಧದಲ್ಲಿ ಗಾಯಗೊಂಡು ಸಾಯುತ್ತಿರುವ ಶಿಮಾಜು ತೊಯೊಹಿಸಾ ಇದ್ದಕ್ಕಿದ್ದಂತೆ ಒಂದು ಉದ್ದನೆಯ ಓಣಿಯಲ್ಲಿರುತ್ತಾನೆ. ಎರಡೂ ಕಡೆ ಬಾಗಿಲುಗಳೇ ಬಾಗಿಲುಗಳು. ನಡುವೆ ಮೇಜು ಹಾಕಿಕೊಂಡು ಕನ್ನಡಕದವನೊಬ್ಬ ಕೂತಿದ್ದಾನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಆ ‘ಕೌಂಟರ್’ ಕಂಡು ನಗು ಬಂತು. ಬಾಗಿಲಾಚೆ ಡ್ರ್ಯಾಗನ್‌ಗಳಿರುವ ಮಾಯಾಲೋಕ, ಅಲ್ಲೂ ಯುದ್ಧ! ಒಂದು ಪಾಳು ಕೋಟೆಯಲ್ಲಿ ಓಡಾ ನೊಬುನಾಗಾ ಮತ್ತು ನಾಸು ನೊ ಯೊಯಿಚಿ ಅವನಿಗೆ ಜೊತೆಯಾಗುತ್ತಾರೆ.

ತೊಯೊಹಿಸಾ ಕಾದಿದ್ದು 1600ರ ಸೆಕಿಗಹಾರ ಯುದ್ಧದಲ್ಲಿ. ಅವನ ದೊಡ್ಡಪ್ಪ ಯೊಶಿಹಿರೊ ಸೋತ ಪಕ್ಷದಲ್ಲಿದ್ದ. ಹಿಂದಕ್ಕೆ ಓಡುವ ಬದಲು ಎದುರಿನ ತೊಕುಗಾವಾ ಸೇನೆಯನ್ನೇ ಸೀಳಿಕೊಂಡು ಹೊರಟ! ದಾರಿಯುದ್ದಕ್ಕೂ ಕೆಲಕೆಲವರು ಹಿಂದೆ ಉಳಿದು, ಬೆನ್ನಟ್ಟಿ ಬಂದವರನ್ನು ತಡೆದು ಸತ್ತರು. ತೊಯೊಹಿಸಾ ಹಾಗೆ ಉಳಿದವನು. ಸುಮಾರು 1,500 ಮಂದಿಯಲ್ಲಿ ಊರು ಸೇರಿದವರು 80ರಷ್ಟು ಮಾತ್ರ. ದೊಡ್ಡಪ್ಪ ಅವರಲ್ಲೊಬ್ಬ.

ನೊಬುನಾಗಾ 1582ರಲ್ಲಿ ಕ್ಯೋಟೋದ ಹೊನ್ನೊಜಿ ಮಂದಿರದಲ್ಲಿ ತನ್ನ ಸೇನಾನಿಯ ದ್ರೋಹಕ್ಕೆ ಬಲಿಯಾದ. ಮಂದಿರ ಉರಿದುಹೋಯಿತು, ಶವ ಸಿಗಲಿಲ್ಲ. ಕಥೆಗಾರರಿಗೆ ಇನ್ನೇನು ಬೇಕು?

ನನ್ನ ಮನಸ್ಸಿನಲ್ಲಿ ಉಳಿದವನು ಯೊಯಿಚಿ. ಅವನ ಕಾಲ ತೊಯೊಹಿಸಾಗಿಂತ ನಾನೂರು ವರ್ಷ ಹಿಂದಿನದು. ‘ಹೇಕೆ ಮೊನೊಗತಾರಿ’ ಎಂಬ ಹಳೆಯ ವೀರಗಾಥೆಯಲ್ಲಿ ಅವನ ಕಥೆಯಿದೆ. 1185, ಯಾಶಿಮಾ ಕಡಲತೀರ. ನೀರಿನಲ್ಲಿ ತೈರಾ ಕುಲದ ದೋಣಿಗಳು, ದಡದಲ್ಲಿ ಮಿನಾಮೊತೊ ಸೈನ್ಯ. ಸಂಜೆಯಾಗುತ್ತಿದೆ. ಒಂದು ದೋಣಿಯಲ್ಲಿ ಕೋಲಿನ ತುದಿಗೆ ಕೆಂಪು ಬೀಸಣಿಗೆ ಕಟ್ಟಿ, ಹೆಣ್ಣೊಬ್ಬಳು ‘ಹೊಡೆಯಿರಿ ನೋಡೋಣ’ ಎಂಬಂತೆ ಕೈಸನ್ನೆ ಮಾಡಿದಳು. ದಡದ ದಂಡನಾಯಕ ಯೊಶಿತ್ಸುನೆ ಇಪ್ಪತ್ತರ ಆಸುಪಾಸಿನ ಯೊಯಿಚಿಯನ್ನು ಕರೆದ. ಹುಡುಗ ಕುದುರೆಯನ್ನು ನೀರಿಗಿಳಿಸಿದ. ಗಾಳಿಗೆ ದೋಣಿ ಓಲಾಡುತ್ತಿದೆ, ಬೀಸಣಿಗೆ ನಿಲ್ಲುತ್ತಿಲ್ಲ. ಗುರಿ ತಪ್ಪಿದರೆ ಬಿಲ್ಲು ಮುರಿದು ಪ್ರಾಣ ಬಿಡುತ್ತೇನೆ ಎಂದು ದೇವರಿಗೆ ಹೇಳಿಕೊಂಡು ಬಾಣ ಬಿಟ್ಟ. ಬೀಸಣಿಗೆ ಮೇಲೆ ಹಾರಿ, ತಿರುತಿರುಗಿ, ನೀರಿಗೆ ಬಿತ್ತು. ಶತ್ರುಗಳೂ ದೋಣಿಯ ಅಂಚು ಬಡಿದು ಮೆಚ್ಚಿಕೊಂಡರು!

ಸಾಮಾನ್ಯವಾಗಿ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಗಾಥೆ ನಿಲ್ಲಿಸುವುದಿಲ್ಲ. ಆ ಸಂತೋಷಕ್ಕೆ ತೈರಾ ಕಡೆಯ ಐವತ್ತರ ಯೋಧನೊಬ್ಬ ದೋಣಿಯಲ್ಲಿ, ಬೀಸಣಿಗೆಯಿದ್ದ ಜಾಗದಲ್ಲೇ, ಕುಣಿಯತೊಡಗಿದ. ‘ಅವನನ್ನೂ ಹೊಡಿ’ ಎಂದು ಯೊಯಿಚಿಗೆ ಅಪ್ಪಣೆಯಾಯಿತು. ಹೊಡೆದ. ದೋಣಿಗಳಲ್ಲಿ ಸದ್ದಡಗಿತು. ಕೆಲವರು ‘ಭಲೇ ಗುರಿ’ ಎಂದರು, ಕೆಲವರು ‘ಕರುಣೆಯಿಲ್ಲದ ಕೆಲಸ’ ಎಂದರು.

ಮಕ್ಕಳೇ, ಯೊಯಿಚಿಯ ಜಾಗದಲ್ಲಿ ನೀವಿದ್ದಿದ್ದರೆ ಎರಡನೆಯ ಬಾಣ ಬಿಡುತ್ತಿದ್ದಿರಾ? ಅಜ್ಜ-ಅಜ್ಜಿಯನ್ನೂ ಕೇಳಿ ನೋಡಿ. ನಮ್ಮ ಮನೆಯಲ್ಲಿ ಇನ್ನೂ ಒಮ್ಮತವಾಗಿಲ್ಲ.