ಕ್ರೀಡಾವಿವರಣೆಯ ವೃತ್ತಿ

ದೂರದರ್ಶನದಲ್ಲಿ ಕ್ರಿಕೆಟ್ ಪಂದ್ಯವನ್ನು ವಿವರಿಸುವ ತರುಣಿಯನ್ನು ಕಂಡಾಗ, ಅಂದವಾದ ಉಡುಪೂ ಚುರುಕಾದ ಮಾತೂ ಇದ್ದರೆ ಈ ಉದ್ಯೋಗಕ್ಕೆ ಸಾಕೆಂದು ಅನೇಕರು ಎಣಿಸುವರು. ಮಗಳು ಈ ದಾರಿಯನ್ನು ಹಿಡಿಯಬಯಸಿದರೆ ತಂದೆತಾಯಿಗಳು ಅಳುಕುವುದೂ ಉಂಟು. ಆದುದರಿಂದ ಈ ವೃತ್ತಿಯ ನಿಜಸ್ವರೂಪವನ್ನು ಇಂಗ್ಲೆಂಡಿನ ಈಸಾ ಗುಹಾ ಎಂಬವರ ದೃಷ್ಟಾಂತದಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಸಲು ಇಚ್ಛಿಸುತ್ತೇವೆ.

ಇವರು 1985ನೆಯ ಇಸವಿಯಲ್ಲಿ ಹೈ ವಿಕಮ್ ಪಟ್ಟಣದಲ್ಲಿ, ಅಲ್ಲಿ ನೆಲಸಿದ ಬಂಗಾಳಿ ಕುಟುಂಬವೊಂದರಲ್ಲಿ ಜನಿಸಿದರು. ಬಾಲ್ಯದಲ್ಲಿ ಗಂಡುಹುಡುಗರ ಸಂಗಡ ಆಡಿ ಚೆಂಡೆಸೆತವನ್ನು ಕಲಿತು, 2002ನೆಯ ಆಗಸ್ಟ್ ತಿಂಗಳಲ್ಲಿ ಟಾಂಟನ್ನಿನಲ್ಲಿ ಭಾರತದ ವಿರುದ್ಧ ತಮ್ಮ ಮೊದಲನೆಯ ಟೆಸ್ಟ್ ಪಂದ್ಯವನ್ನು ಆಡಿದರು. ಆಗ ಅವರ ಪ್ರಾಯ 17 ವರುಷ. ಅದೇ ಪಂದ್ಯದಲ್ಲಿ ನಮ್ಮ ಮಿಥಾಲಿ ರಾಜರು 214 ಓಟಗಳನ್ನು ಗಳಿಸಿದರು; ಎಳೆಯ ಎಸೆತಗಾರ್ತಿಗೆ ಅದು ಸುಲಭವಾದ ಪಾಠವಾಗಿರಲಾರದು. ಮುಂದೆ 83 ಏಕದಿನ ಪಂದ್ಯಗಳಲ್ಲಿ 101 ವಿಕೆಟ್ಟುಗಳನ್ನು ಪಡೆದು, 2009ರಲ್ಲಿ ವಿಶ್ವಕಪ್ಪನ್ನು ಗೆದ್ದ ತಂಡದಲ್ಲಿಯೂ ಇದ್ದರು. ಆಟದ ನಿಮಿತ್ತ ವಿದ್ಯೆಯನ್ನು ಬಿಡಲಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರವನ್ನೂ ಅನಂತರ ನರವಿಜ್ಞಾನವನ್ನೂ ವ್ಯಾಸಂಗಮಾಡಿದರು.

2012ರಲ್ಲಿ ಆಟದಿಂದ ನಿವೃತ್ತರಾದ ಮೇಲೆ ಅವರು ದೂರದರ್ಶನದ ಕೆಲಸಕ್ಕೆ ತೊಡಗಿದರು. 2015ರಲ್ಲಿ ಅಂಜುಮ್ ಚೋಪ್ರಾ, ಮೆಲ್ ಜೋನ್ಸ್, ಲೀಸಾ ಸ್ಥಳೇಕರ್ ಇವರೊಡನೆ ಐ.ಪಿ.ಎಲ್. ಪಂದ್ಯಗಳ ವಿವರಣೆಯಲ್ಲಿ ಪಾಲುಗೊಂಡರು. 2020ರಲ್ಲಿ ಬಿ.ಬಿ.ಸಿ.ಯವರ ಕ್ರಿಕೆಟ್ ಕಾರ್ಯಕ್ರಮವನ್ನು ನಡಿಸುವ ಹೊಣೆಯು ಅವರಿಗೆ ದೊರೆಯಿತು.

ಈ ಕೆಲಸದ ಕಷ್ಟವು ಹೊರಗಿನವರಿಗೆ ಕಾಣದು. ಆಕಾಶವಾಣಿಯಲ್ಲಿ ಮಾತಾಡುವವರು ಎಲ್ಲವನ್ನೂ ವರ್ಣಿಸಬೇಕು. ದೂರದರ್ಶನದಲ್ಲಾದರೋ ನೋಡುವವನ ಕಣ್ಣಿಗೆ ಕಂಡದ್ದನ್ನು ತಿರಿಗಿ ಹೇಳುವುದು ವ್ಯರ್ಥ. ಚೆಂಡು ಏಕೆ ತಿರುಗಿತು, ನಾಯಕಿಯು ಆಟಗಾರ್ತಿಯನ್ನು ಏಕೆ ಅತ್ತ ನಿಲ್ಲಿಸಿದಳು ಎಂಬುದನ್ನು ಕೆಲವೇ ಮಾತುಗಳಲ್ಲಿ ಹೇಳಿ, ಬಳಿಕ ಸುಮ್ಮನಿರಬೇಕು. ಕಾರ್ಯಕ್ರಮವನ್ನು ನಡಿಸುವವರ ಕಿವಿಯಲ್ಲಿ ಸಣ್ಣ ಯಂತ್ರವಿರುವುದು. ಅದರಲ್ಲಿ ನಿರ್ದೇಶಕರು ಉಳಿದ ಕ್ಷಣಗಳನ್ನು ಎಣಿಸುತ್ತಿರುವಾಗಲೇ, ಎದುರಿಗಿರುವ ಅತಿಥಿಯ ಮಾತನ್ನು ಗಮನಿಸಿ ಮುಂದಿನ ಪ್ರಶ್ನೆಯನ್ನು ಕೇಳಬೇಕು. ಬರೆದದ್ದನ್ನು ಹೊಡೆದುಹಾಕಬಹುದು; ಇಲ್ಲಿ ಆಡಿದ್ದನ್ನು ಹಿಂದಕ್ಕೆ ತೆಗೆಯಲಾಗದು.

ಇದರ ಬಿಸಿಯನ್ನು ಗುಹಾ ಅವರು ಸ್ವತಃ ಅನುಭವಿಸಿದರು. 2024ನೆಯ ದಶಂಬರದಲ್ಲಿ ಬ್ರಿಸ್ಬೇನ್ ಪಂದ್ಯದ ಎರಡನೆಯ ದಿನ, ಜಸ್‌ಪ್ರೀತ್ ಬೂಮ್ರಾ ಅವರನ್ನು ಹೊಗಳುವಾಗ, ಮಾನವರನ್ನೂ ಕಪಿಗಳನ್ನೂ ಒಂದಾಗಿ ಸೂಚಿಸುವ ಇಂಗ್ಲಿಷ್ ಶಬ್ದವೊಂದನ್ನು ಬಳಸಿದರು. ಜನಾಂಗನಿಂದೆಯ ನೋವನ್ನು ಬಲ್ಲವರಿಗೆ ಆ ಶಬ್ದವು ಚುಚ್ಚಿತು. ಮರುದಿನ ಆಟವು ಆರಂಭವಾಗುವ ಮುಂಚೆ ಅವರು ಅದೇ ಪರದೆಯ ಮೇಲೆ ಬಂದು, ತಾವೂ ದಕ್ಷಿಣ ಏಷ್ಯದ ಮೂಲದವರೆಂದೂ ಹೊಗಳುವುದೇ ತಮ್ಮ ಉದ್ದೇಶವಾಗಿತ್ತೆಂದೂ ಹೇಳಿದರೂ, ಅದರ ಹಿಂದೆ ಅಡಗದೆ, ಶಬ್ದದ ಆಯ್ಕೆಯು ತಪ್ಪೆಂದು ಒಪ್ಪಿ ಕ್ಷಮೆಯನ್ನು ಕೇಳಿದರು. ಪಕ್ಕದಲ್ಲಿದ್ದ ರವಿ ಶಾಸ್ತ್ರಿಗಳು ಅವರ ಧೈರ್ಯವನ್ನು ಶ್ಲಾಘಿಸಿದರು.

ನಾಲಿಗೆಯನ್ನು ಬಿಗಿಹಿಡಿಯುವುದು ಎಷ್ಟು ಪ್ರಯಾಸವೆಂಬುದನ್ನು ಯಾಕೋಬನ ಪತ್ರಿಕೆಯ 3ನೆಯ ಅಧ್ಯಾಯದಿಂದ ನಾವೆಲ್ಲರೂ ಎಳೆತನದಲ್ಲೇ ತಿಳಿದವರು. ಲಕ್ಷಾಂತರ ಜನರ ಮುಂದೆ ಮಾತಾಡುವವಳಿಗೆ ಆ ಪಾಠವು ಇನ್ನೂ ಹೆಚ್ಚಾಗಿ ಬೇಕು. ಮಗಳು ಇಂಥ ವೃತ್ತಿಯನ್ನು ಬಯಸಿದರೆ ಪೋಷಕರು ಹೆದರಬೇಕಾಗಿಲ್ಲ. ಆದರೆ ಅವಳ ಮಾತಿನ ಚುರುಕನ್ನು ಮಾತ್ರ ನೋಡಿ ಹಿಗ್ಗುವುದೂ ಬೇಡ. ಹೇಳುವ ವಿಷಯವನ್ನು ಬೆವರಿಳಿಸಿ ಕಲಿತಿದ್ದಾಳೋ, ತಪ್ಪಿದಾಗ ಎಲ್ಲರ ಮುಂದೆ ಒಪ್ಪಿಕೊಳ್ಳಬಲ್ಲಳೋ ಎಂದು ವಿಚಾರಿಸಲಿ. ಇವೆರಡೂ ಇದ್ದರೆ ಧೈರ್ಯದಿಂದ ಆಶೀರ್ವದಿಸಿ ಕಳುಹಿಸಬಹುದೆಂದು ನಾವು ನಂಬುತ್ತೇವೆ.